ಒಂದೇ ಹೆಸರಿನ ಇಬ್ಬರು

ಬೇಕರಿಯವನ ಹೆಂಡತಿಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಉದ್ದನೆಯ ರಜೆ ಅದು. ಅವಳೇನೂ ಕೇಳಿರಲಿಲ್ಲ. ಬಸ್ ಸೀಟು ಕಾಯ್ದಿರಿಸುವ ಆ್ಯಪ್ ಒಂದಕ್ಕೆ ಕೋಡ್ ಬರೆಯುವ ಕೆಲಸ ಅವಳದು. ಅವಳು ಬದಲಾಯಿಸಿದ ನಾಲ್ಕು ಸಾಲು ಒಂದು ಮಧ್ಯಾಹ್ನವಿಡೀ ಒಂದೇ ಸೀಟನ್ನು ಇಬ್ಬಿಬ್ಬರಿಗೆ ಮಾರಿತು. ಬಸ್ಸುಗಳಲ್ಲಿ ಜನ ಕೈಕೈ ಮಿಲಾಯಿಸುವ ತನಕ ಹೋದರು. ಸಂಜೆಗೆ ಆ ಸಾಲುಗಳನ್ನು ಸದ್ಯಕ್ಕೆ ತೆಗೆದಿಟ್ಟರು. ಆಫೀಸಿನಲ್ಲಿ ಮಾತ್ರ ಯಾರೂ ಗದರಲಿಲ್ಲ. ಮ್ಯಾನೇಜರ್ ಮೆತ್ತಗೆ, "ಒಂದು ವಾರ ರಜೆ ತಗೊಳ್ಳಿ," ಎಂದರು. ಬೈದಿದ್ದರೇ ವಾಸಿಯಿತ್ತು.

ಈ ಕೋಡ್ ಬರೆಯುವವರ ಸಂತತಿಯೇ ವಿಚಿತ್ರ. ಕೆಲಸವಿದ್ದಾಗ ರಜೆ ರಜೆ ಎಂದು ಬಡಬಡಿಸುತ್ತಾರೆ, ರಜೆ ಸಿಕ್ಕರೆ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗುತ್ತಾರೆ. ಇವಳೂ ಹಾಗೆಯೇ ಇದ್ದವಳು. ಈಗ ಲ್ಯಾಪ್‌ಟಾಪನ್ನು ಬೀರುವಿನೊಳಗೆ ತಳ್ಳಿ ಬಾಗಿಲು ಹಾಕಿದ್ದಳು.

"ಸೋಮವಾರ ರಾಜೀನಾಮೆ ಕೊಟ್ಬಿಡ್ತೀನಿ ರೀ. ಈ ಕೆಲಸ ನನ್ನ ಕೈಲಾಗಲ್ಲ," ಎಂದಳು ಶನಿವಾರ ಬೆಳಿಗ್ಗೆ.

ಗಂಡ ಹಿಟ್ಟು ನಾದುತ್ತಿದ್ದ. ಸಮಾಧಾನ ಹೇಳುವುದು ಅವನಿಗೆ ಒಗ್ಗಿದ ವಿದ್ಯೆಯಲ್ಲ. "ಕೊಡೋದಾದ್ರೆ ಕೊಡು ಕಣೇ. ಇವತ್ತು ಮಾತ್ರ ಸ್ವಲ್ಪ ಹೊತ್ತು ಅಂಗಡಿ ನೋಡ್ಕೋ. ನಾನು ಕೇಕ್ ತಲುಪಿಸಿ ಬರ್ತೀನಿ," ಎಂದು ಹೊರಟ.

ಅಂಗಡಿಯ ಕಂಪ್ಯೂಟರ್‌ನಲ್ಲಿ ಆರ್ಡರ್ ಬರೆದುಕೊಳ್ಳುವ ಪ್ರೋಗ್ರಾಂ ಇತ್ತು. ಮದುವೆಯಾದ ಹೊಸತರಲ್ಲಿ ಅವಳೇ ಮಾಡಿಕೊಟ್ಟದ್ದು. ಫೋನ್ ಬಂತು, ಯಾರೋ ಗಂಡಸು ಸಂಜೆಗೆ ಬನ್ ಬೇಕೆಂದ. ಒಲ್ಲದ ಮನಸ್ಸಿನಿಂದ ಹೆಸರು ಒತ್ತಿ ಆರ್ಡರ್ ಸೇರಿಸಿದಳು. ಅಷ್ಟರಲ್ಲಿ ಪೊದೆ ಮೀಸೆಯವರೊಬ್ಬರು ಒಳಗೆ ಬಂದರು.

"ಮಗಳ ಕೇಕ್ ರೆಡಿನಾಮ್ಮಾ?"

ಹೆಸರು ಕೇಳಿ ಹುಡುಕಿದಳು. ಆ ಹೆಸರಿಗೆ ಸಿಕ್ಕಿದ್ದು ಈಗ ತಾನೇ ಬರೆದ ಬನ್ ಮಾತ್ರ. ಮತ್ತೊಮ್ಮೆ ಹುಡುಕಿದಳು, ಅದೇ ಬನ್ ಬಂತು.

"ಕೇಕ್ ಕಾಣ್ತಿಲ್ವಲ್ಲ ಸರ್..."

"ನನ್ನ ಹೆಸರಿನವರೇ ಇನ್ನೊಬ್ಬರು ಆರ್ಡರ್ ಕೊಟ್ರೇನೋ?" ಮೀಸೆಯವರು ನಕ್ಕರು. "ಹಾಗಾದ್ರೆ ಇಬ್ಬರಲ್ಲಿ ಒಬ್ಬರಿಗೆ ಅಡ್ಡಹೆಸರು ಇಡ್ಬೇಕು. ಇಲ್ಲದಿದ್ರೆ ಹೊಸದು ಹಳೇದನ್ನ ನುಂಗಿಬಿಡುತ್ತೆ ಅಂತಾರೆ ನಿಮ್ಮ ಯಜಮಾನ್ರು. ಹೋದ ಸಲ ನನಗೆ ಮೀಸೆ ಮಾವ ಅಂತ ಇಟ್ಟಿದ್ರು. ಕೇಕ್ ಎಲ್ಲಿಗೆ ಹೋಗುತ್ತೆ, ಫ್ರಿಜ್‌ನಲ್ಲಿ ನೋಡಿ."

ಕೇಕ್ ಫ್ರಿಜ್‌ನಲ್ಲೇ ಇತ್ತು. ಅವರು ಹೋದ ಮೇಲೆ ಹಳೆಯ ಆರ್ಡರುಗಳನ್ನು ತೆರೆದಳು. ಛತ್ರಿ ಮರೆತ ಟೀಚರ್. ಜೋರಾಗಿ ನಗೋ ನರ್ಸ್. ಚಿಲ್ಲರೆ ಇಲ್ಲದ ಡ್ರೈವರ್. ಇವನ್ನೆಲ್ಲ ಅವಳು ಹಿಂದೆಯೂ ಕಂಡು, ಗಂಡನ ತಲೆಹರಟೆ ಎಂದು ನಕ್ಕು ಬಿಟ್ಟಿದ್ದಳು. ತಲೆಹರಟೆ ಅಲ್ಲವೇ ಅಲ್ಲ. ಒಂದೇ ದಿನ ಒಂದೇ ಹೆಸರಿನ ಇಬ್ಬರು ಬರಬಹುದು ಎಂಬುದು ಪ್ರೋಗ್ರಾಂ ಬರೆಯುವಾಗ ಅವಳಿಗೆ ಹೊಳೆದೇ ಇರಲಿಲ್ಲ.

ಗಂಡ ಬಾಗಿಲು ದಾಟುವ ಮೊದಲೇ ಕೇಳಿದಳು, "ಯಾವಾಗಿಂದ ಗೊತ್ತು ನಿಮಗೆ?"

ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಮೊದಲಿಂದಾನೂ ಗೊತ್ತು."

"ಬಾಯಿ ಬಿಡೋಕೇನಾಗಿತ್ತು?"

"ಹೇಳೋಣ ಅಂದಾಗೆಲ್ಲ ನೀನು ಸುಸ್ತಾಗಿ ಬಂದಿರ್ತಿದ್ದೆ. ಹೇಳಿದ್ರೆ ಊಟ ಬಿಟ್ಟು ಅದರ ಮುಂದೆ ಕೂರ್ತಿದ್ದೆ. ಆಮೇಲೆ ರೂಢಿ ಆಗೋಯ್ತು. ಗಿರಾಕಿಗಳಿಗೂ ಅಡ್ಡಹೆಸರು ಅಂದ್ರೆ ಖುಷಿ ಕಣೇ."

"ಯಾರದಾದ್ರೂ ಕೇಕ್ ತಪ್ಪಿಹೋಗಿತ್ತಾ?"

ಅವನು ಕೈಯಲ್ಲಿದ್ದ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟ. "ಒಂದೇ ಸಲ. ಹುಟ್ಟುಹಬ್ಬದ್ದು. ಆ ಮಗು ಇಲ್ಲೇ ನಿಂತು ಅತ್ತುಬಿಡ್ತು. ನನಗೆ ಕಂಪ್ಯೂಟರ್ ಒತ್ತೋಕೆ ಬರಲ್ಲ, ತಪ್ಪು ನಂದೇ ಅಂತ ಹೇಳ್ದೆ. ಅದನ್ನ ಸ್ಟೂಲ್ ಮೇಲೆ ಕೂರಿಸ್ಕೊಂಡು ಇನ್ನೊಂದು ಕೇಕ್ ಮಾಡ್ಕೊಟ್ಟೆ."

ಅವಳಿಗೆ ಅಳು ಉಕ್ಕಿ ಬಂತು. ಇಡೀ ವಾರ ಬಾರದ ಅಳು, ಬನ್ನುಗಳ ತಟ್ಟೆಯ ಮುಂದೆ ಬಂತು. ತನ್ನ ತಪ್ಪನ್ನು ಇಷ್ಟು ಕಾಲ ಒಬ್ಬ ಮನುಷ್ಯ ಗೊಣಗದೆ ಹೊತ್ತಿದ್ದ. ಅವನ ಮೇಲೆ ಪ್ರೀತಿಯೂ ಬಂತು, ಎರಡು ಬಾರಿಸಬೇಕೆಂಬಷ್ಟು ಸಿಟ್ಟೂ ಬಂತು.

ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಒಂದೇ ಹೆಸರನ್ನು ಎರಡು ಸಲ ಒತ್ತಿ ನೋಡಿದಳು. ಎರಡೂ ಉಳಿದವು.

"ಇನ್ಮೇಲೆ ಅಡ್ಡಹೆಸರು ಬೇಕಾಗಿಲ್ಲ," ಎಂದಳು.

"ಅಯ್ಯೋ, ಅದಕ್ಕೊಂದು ಜಾಗ ಬಿಡೇ. ಮೀಸೆ ಮಾವ ಬೇಜಾರು ಮಾಡ್ಕೋತಾರೆ."

ಅವಳು ನಗುತ್ತಲೇ ಅದನ್ನೂ ಸೇರಿಸಿದಳು. ಆಮೇಲೆ ಕುರ್ಚಿಯಿಂದ ಎದ್ದು, "ಸೋಮವಾರ ಬೇಗ ಎಬ್ಬಿಸಿ," ಎಂದಳು.

"ರಾಜೀನಾಮೆ ಕೊಡೋಕಾ?"

"ಅಲ್ಲ. ಆ ಸೀಟಿನ ಕೋಡ್ ನಾನೇ ಸರಿಮಾಡ್ತೀನಿ. ನಾನು ಬಿಟ್ಟು ಬಂದ್ರೆ ಅಲ್ಲೂ ಯಾರಾದ್ರೂ ನಿಮ್ಮ ಹಾಗೆ ತಪ್ಪು ನಂದೇ ಅಂತ ಹೇಳ್ಕೊಂಡು ಓಡಾಡ್ಬೇಕಾಗುತ್ತೆ."