ಕೋಳಿ ಕೂಗಿದರೆ ನಿಲ್ಲುತ್ತಿದ್ದ ಉಪದೇಶಿ

ಎಲ್ಲಿಯಾದರೂ ಕೋಳಿ ಕೂಗಿತೆಂದರೆ ಸಾಕು, ಮಸ್ಕಿಯ ಉಪದೇಶಿ ತಾಯಪ್ಪನವರು ನಿಂತಲ್ಲೇ ನಿಂತುಬಿಡುತ್ತಿದ್ದರು. ಮಾತು ಅರ್ಧಕ್ಕೆ, ತುತ್ತು ಅರ್ಧಕ್ಕೆ, ಹೆಜ್ಜೆ ಅರ್ಧಕ್ಕೆ. ರುಮಾಲು ತೆಗೆದು ಎದೆಗೊತ್ತಿಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಏನೂ ಆಗದವರಂತೆ ಮುಂದೆ ಸಾಗುತ್ತಿದ್ದರು. ಯಾವನೋ ಪಾದ್ರಿ ಬಿಟ್ಟುಹೋದ ಕರಿ ಕೋಟು ಅವರ ಮೊಣಕಾಲು ಮುಟ್ಟುತ್ತಿತ್ತು. ಹದಿನೆಂಟು ವರ್ಷ ಸುವಾರ್ತೆ ಸಾರಿ ಅವರು ಕೂಡಿಸಿದ್ದು ಐದೇ ಮನೆ. ಅವುಗಳಲ್ಲೂ ಎರಡು ಮರಳಿ ಹೋಗಿದ್ದವು.

ನಾನಾದರೋ ಲಿಂಗಸುಗೂರು ತಹಶೀಲು ಕಚೇರಿಯ ಕಿರಿಯ ಗುಮಾಸ್ತ. ಉರ್ದು ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿಯೂ ಪಂಡಿತನ ಗತ್ತು ಬಿಡದವ. ನಿಜಾಮ ಸರ್ಕಾರದ ನೋಟೀಸಿನಲ್ಲಿ ಫಸಲಿ ತಾರೀಖು, ಉಪದೇಶಿಗಳ ಗೋಡೆಯಲ್ಲಿ ಮಿಶನ್ನಿನ ಇಂಗ್ಲಿಷ್ ಕ್ಯಾಲೆಂಡರು. ಅವರ ಅರ್ಜಿಯ ವಿಚಾರಣೆಯ ದಿನವನ್ನು ನಾನೇ ಬೆರಳೆಣಿಸಿ, ಮೀಸೆ ತಿರುವಿ, ಇಂಗ್ಲಿಷ್ ತಾರೀಖಿಗೆ ಇಳಿಸಿಕೊಟ್ಟೆ. ಒಂದು ದಿನ ಹೆಚ್ಚಾಗಿತ್ತು.

ಅರ್ಜಿ ಸಣ್ಣದಲ್ಲ. ದೀಕ್ಷಾಸ್ನಾನವಾಗಿ ಕ್ರೈಸ್ತರಾದವರ ಹೆಣಕ್ಕೆ ಊರ ರುದ್ರಭೂಮಿ ಮುಚ್ಚಿತ್ತು. ಹಿಂದಿನ ಮಳೆಗಾಲದಲ್ಲಿ, ಹಳ್ಳದ ದಂಡೆಯಲ್ಲಿ ಹೂತಿದ್ದ ಶೇಖಮ್ಮನೆಂಬ ಮುದುಕಿಯನ್ನು ಹಳ್ಳವೇ ಬಂದು ಎಬ್ಬಿಸಿಕೊಂಡು ಹೋಗಿತ್ತು. ಗುಡ್ಡದಂಚಿನ ಅರ್ಧ ಎಕರೆ ಸರ್ಕಾರಿ ನೆಲ ಕೊಡಿರೆಂದು ತಾಯಪ್ಪನವರು ಕೇಳಿದ್ದರು.

ಒಂದು ದಿನ ತಡವಾಗಿ, ಧೂಳು ಹೊತ್ತು ಬಂದವರನ್ನು ಕಂಡು ಪೇಶ್ಕಾರ ಉಸ್ಮಾನ್‌ಸಾಬರು ನಕ್ಕರು: “ಏನಪಾ ಉಪದೇಶಿ, ಎಲ್ಲಾ ತಿಳದ ನಿಮ್ಮ ದೇವರಿಗೆ ಫಸಲಿ ತಾರೀಖೊಂದು ತಿಳೀಲಿಲ್ಲೇನು? ಅರ್ಜಿ ನಿನ್ನೇನ ಖಾರಿಜ್ ಆತು, ತಳ್ಳಿ ಹಾಕ್ಯಾರ.”

“ತಾರೀಖು ಯಾರು ಹೇಳಿದ್ರು ನಿನಗ?” ಎಂದರು ತಹಶೀಲ್ದಾರ ಸಾಹೇಬರು.

ತಾಯಪ್ಪನವರ ಕಣ್ಣು ನನ್ನನ್ನು ಮುಟ್ಟಿ ನೆಲಕ್ಕಿಳಿಯಿತು. ಸಾಹೇಬರು ನನ್ನತ್ತ ತಿರುಗಿದರು.

“ಹುಜೂರ್, ಈ ಮನುಷ್ಯನ ಗುರುತೇ ನನಗಿಲ್ಲ,” ಎಂದೆ. ಕಚೇರಿಯ ಅಂಗಳದಲ್ಲಿ ಒಂದು ಕೋಳಿಯೂ ಕೂಗಲಿಲ್ಲ.

ಮೂರು ದಿನ ಅನ್ನ ಸೇರಲಿಲ್ಲ. ನನ್ನ ಹೊಟ್ಟೆಯನ್ನು ಬಲ್ಲವರಿಗೆ ಇದು ದೊಡ್ಡ ಮಾತು. ಶುಕ್ರವಾರದ ರಜೆಯಲ್ಲಿ ಮಸ್ಕಿಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಅಯ್ಯಮ್ಮ ತಲೆಯೆತ್ತದೆ ಅಂದಳು: “ತಾರೀಖಿನ ಪಂಡಿತ್ರು ಬಂದಾರ ನೋಡ್ರಿ.”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಬಿಟ್ಟು, ಬಾಗಿಲ ಬಳಿ ತಾಯಪ್ಪನವರ ಎದುರು ಕೂತೆ. ಅಷ್ಟರಲ್ಲಿ ಹಿತ್ತಿಲ ಹುಂಜ ಕೂಗಿತು. ತಾಯಪ್ಪನವರು ರುಮಾಲು ತೆಗೆದು ನಿಂತರು. ನಾನೂ ಏಕೋ ಎದ್ದು ನಿಂತೆ.

“ಭಾಳ ವರ್ಷದ ಹಿಂದ ಪಾಮನಕಲ್ಲೂರ ಚಾವಡ್ಯಾಗ ಊರ ಮಂದಿ ನನ್ನ ತಮ್ಮ ಗದ್ದೆಪ್ಪನ್ನ ಕಟ್ಟಿಹಾಕಿ ಬಡಿಯಾಕತ್ತಿದ್ರು, ಪಾದ್ರಿ ಕಡಿಯಂವ ಅಂತ,” ಎಂದರು ಮೆಲ್ಲಗೆ. “‘ನೀನೂ ಅವನ ಕಡಿಯಂವೇನಲೇ?’ ಅಂದ್ರು. ‘ಇವ ಯಾರೋ ನನಗ ಗೊತ್ತಿಲ್ಲ’ ಅಂದೆ. ಆ ಏಟಿನಾಗ ತಮ್ಮ ಉಳೀಲಿಲ್ಲ. ನಮ್ಮ ಸ್ವಾಮಿನ್ನ ಶಿಲುಬಿಗೆ ಹಾಕಾಕ ಹಿಡದ ದಿನ ಅವನ ಶಿಷ್ಯ ಪೇತ್ರನೂ ಹಂಗ ಅಂದಿದ್ದ, ಮೂರು ಸಲ. ಆಮ್ಯಾಲ ಕೋಳಿ ಕೂಗ್ತು. ಸತ್ತು ಎದ್ದು ಬಂದ ಸ್ವಾಮಿ ಅವನ್ನ ಕಂಡು ಬೈದನೇನ್ರಿ? ಇಲ್ಲ. ನೀರಿನ ದಂಡಿಗೆ ಕೆಂಡದ ಮ್ಯಾಲ ಮೀನ ಸುಟ್ಟಿಟ್ಟು, ‘ಬಾ, ಉಣ್ಣು’ ಅಂದ. ಉಂಡಾದ ಮ್ಯಾಲ ಕೆಲಸಾನೂ ಹಚ್ಚಿದ. ಆ ಒಂದು ಮಾತಿನ ಮ್ಯಾಲ ನಾ ಬದುಕೀನ್ರಿ, ಗುಮಾಸ್ತರ. ಕುಂದರ್ರಿ, ಮೊದಲು ಉಣ್ರಿ.”

ನಮ್ಮವರು ನೀರೂ ಮುಟ್ಟದ ಮನೆ ಅದು. ಅಯ್ಯಮ್ಮ ಬಿಸಿ ರೊಟ್ಟಿ ಮುಂದಿಟ್ಟಳು. ಕೈ ಒಂದು ಕ್ಷಣ ಹಿಂದೆ ಸರಿಯಿತು. ಆಮೇಲೆ ಮುರಿದು ಉಂಡೆ.

ಶನಿವಾರ ಸಾಹೇಬರ ಮುಂದೆ ನಿಂತು, ತಪ್ಪು ನನ್ನದು, ಸುಳ್ಳೂ ನನ್ನದು ಎಂದೆ. ಉಸ್ಮಾನ್‌ಸಾಬರ ಕೈಯ ಕಾಗದ ಅಲ್ಲೇ ನಿಂತಿತು. ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತೆ. ಅರ್ಜಿ ಮಾತ್ರ ಮತ್ತೆ ಮೇಜಿಗೇರಿತು. ಕೊನೆಗೆ ಸಿಕ್ಕಿದ್ದು ಕಾಲು ಎಕರೆ, ಹಾರೆಗೂ ಬಗ್ಗದ ಕಲ್ಲುನೆಲ. “ಹಳ್ಳಕ್ಕ ಇಲ್ಲಿ ಎಬ್ಬಸಾಕ ಆಗಂಗಿಲ್ಲ ಬಿಡ್ರಿ,” ಎಂದರು ತಾಯಪ್ಪನವರು, ಕೋಟಿನ ತೋಳು ಮಡಚಿ ಹಾರೆ ಎತ್ತಿಕೊಳ್ಳುತ್ತ.

ಇಂಥವರನ್ನು ಲೋಕ ಸೋತವರ ಸಾಲಿನಲ್ಲಿ ಕೂಡಿಸುತ್ತದೆ, ಅವರೂ ಅಲ್ಲವೆನ್ನುವುದಿಲ್ಲ. ತಮ್ಮ ಸೋಲಿನ ಕೂಗು ಕಿವಿಗೆ ಬಿದ್ದಾಗಲೆಲ್ಲ ರುಮಾಲು ತೆಗೆದು ನಿಂತು, ಮತ್ತೆ ನಡೆಯುತ್ತಾರೆ. ಅದಕ್ಕೇ ಇರಬೇಕು, ನಮ್ಮಂಥ ಹೇಡಿಗಳು ಹಸಿದು ಬಾಗಿಲಿಗೆ ಬಂದಾಗ ಅವರು ಮೊದಲು ಹಾಸುವುದು ಊಟಕ್ಕೆ ಚಾಪೆ.