ಎರಡು ಗುಂಡಿಯ ಪ್ರೆಸ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ದಿನ ಮಾತ್ರ ಕೋಪಕ್ಕೆ ನ್ಯಾಯವಾದ ಕಾರಣವಿತ್ತು. ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸಿಗೆ ನಾನು ಬರೆದ ಮೊದಲ ಪ್ರೋಗ್ರಾಂ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಅದನ್ನು ಓಡಿಸುತ್ತಿದ್ದವರು "ಇದು ಕೆಟ್ಟೋಗಿದೆ" ಎಂದು ಎದ್ದು ನಿಂತರು. ಅವರು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅತ್ತಿಗೆ.

ಆ ಕಾರ್ಖಾನೆಯಲ್ಲಿ ನಾನು ಪ್ಯಾನೆಲ್ಲುಗಳಿಗೆ ವೈರಿಂಗ್ ಮಾಡುತ್ತಿದ್ದವಳು. ಯಂತ್ರಗಳನ್ನು ಓಡಿಸುತ್ತಿದ್ದ ಹಳೆಯ ರಿಲೇ ಸ್ವಿಚ್ಚುಗಳನ್ನು ಕಿತ್ತು, ಪುಟ್ಟ ಕಂಪ್ಯೂಟರಿನಂಥ ಕಂಟ್ರೋಲರ್ ಕೂರಿಸಲು ಶುರುಮಾಡಿದಾಗ ಹಿರಿಯ ಇಂಜಿನಿಯರ್ ನನಗೆ ಪ್ರೋಗ್ರಾಂ ಬರೆಯಲು ಕಲಿಸಿದರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಪರದೆಯ ಮೇಲೆ ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಸಾಲು: ಈ ಗುಂಡಿ ಒತ್ತಿದ್ದರೆ, ಆ ಬಾಗಿಲು ಮುಚ್ಚಿದ್ದರೆ, ಆಗ ಮಾತ್ರ ಈ ಮೋಟಾರ್. ಮೊದಮೊದಲು ತಲೆ ಗಿರ್ರೆನ್ನುತ್ತಿತ್ತು. ಆಮೇಲೆ ಅದೇ ಹುಚ್ಚು ಹಿಡಿದು, ಮನೆಗೆ ಬೀಗ ಹಾಕುವಾಗಲೂ 'ಗ್ಯಾಸ್ ಆರಿದ್ದರೆ, ನಲ್ಲಿ ನಿಂತಿದ್ದರೆ' ಎಂದು ಗೊಣಗುತ್ತಿದ್ದೆ. ಈ ಪ್ರೆಸ್ ಸರಿಯಾಗಿ ಓಡಿದರೆ ನನಗೆ ಮೇಷ್ಟ್ರ ಪಕ್ಕದ ಮೇಜು, ಇಲ್ಲದಿದ್ದರೆ ಮತ್ತೆ ಅದೇ ಸ್ಕ್ರೂಡ್ರೈವರ್.

ಪ್ರೆಸ್ಸಿಗೆ ಎರಡು ಗುಂಡಿ, ಕೈಗೊಂದು. ಎರಡೂ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು. ಕೈಗಳು ಗುಂಡಿಯ ಮೇಲಿದ್ದರೆ ಬೆರಳು ಉಳಿಯುತ್ತದೆ. ಅತ್ತಿಗೆ ವರ್ಷಗಳಿಂದ ಎಡಗಡೆಯ ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಟೇಪು ಸುತ್ತಿ, ಬಲಗೈಯಲ್ಲೇ ಓಡಿಸುತ್ತಿದ್ದರು. ರಿಲೇಗಳಿಗೆ ಆ ಕಳ್ಳಾಟ ತಿಳಿಯುತ್ತಿರಲಿಲ್ಲ. ನನ್ನ ಪ್ರೋಗ್ರಾಮಿಗೆ ತಿಳಿಯಿತು: ಪ್ರತಿ ಮುಚ್ಚಳಕ್ಕೂ ಎರಡನ್ನೂ ಬಿಟ್ಟು ಮತ್ತೆ ಒಟ್ಟಿಗೆ ಒತ್ತಬೇಕು, ನಡುವೆ ಒಂದು ಕೈ ಎತ್ತಿದರೂ ಅಚ್ಚು ಅಲ್ಲೇ ನಿಲ್ಲಬೇಕು.

"ಮುಚ್ಚಳ ಅರ್ಧಕ್ಕರ್ಧ ಕಮ್ಮಿ ಆಗಿದೆ," ಎಂದರು ಸೂಪರ್‌ವೈಸರ್, ಕೈಗಡಿಯಾರ ನೋಡಿಕೊಳ್ಳುತ್ತಾ. "ಆ ಎರಡು ಗುಂಡಿಯ ಸಾಲು ತೆಗೆದುಹಾಕು. ನಾಳೆ ಸಂಜೆಯೊಳಗೆ ತೆಗೀದಿದ್ರೆ ಬೇರೆಯವರ ಕೈಲಿ ತೆಗೆಸ್ತೀನಿ."

ನಾನು ಮೇಷ್ಟ್ರ ಮುಖ ನೋಡಿದೆ. "ಬರೆದವಳು ನೀನು," ಎಂದರು ಅವರು. "ನೀನೇ ಹೇಳು."

"ತೆಗೆಯಲ್ಲ ಸರ್," ಎಂದೆ. ಅದನ್ನು ಯಾರೂ ಧೈರ್ಯ ಎಂದುಕೊಳ್ಳಬೇಡಿ, ಬರೀ ಹಟ.

ಮನೆಯಲ್ಲಿ ಅತ್ತಿಗೆ ನನ್ನ ಮುಂದೆ ತಟ್ಟೆ ಕುಕ್ಕಿದರು. "ನಾದಿನಿ ಇಂಜಿನಿಯರ್ ಆಗ್ಬೇಕಂತೆ, ಅದಕ್ಕೆ ನನ್ನ ಮುಚ್ಚಳದ ಲೆಕ್ಕ ಇಳಿಸಿ, ನನ್ನನ್ನ ಪ್ಯಾಕಿಂಗಿಗೆ ಹಾಕಿಸ್ತಾಳೆ."

"ನಿಮ್ಮ ಬೆರಳಿಗೋಸ್ಕರ ಅತ್ತಿಗೆ."

"ಒತ್ತೋ ಮುಂಚೆ ನಾನು ಕೈ ತೆಗೀತೀನಿ, ಅಷ್ಟು ಬುದ್ಧಿ ಇಲ್ವಾ ನಂಗೆ? ಎಡಗೈಲಿ ಹಿಡಿದು ಕೂರಿಸದಿದ್ರೆ ಮುಚ್ಚಳ ಜಾರುತ್ತೆ ಕಣೇ. ಹಿಡಿಯೋಕೆ ನಿಮ್ಮಣ್ಣ ಬರ್ತಾನಾ?"

ಅಣ್ಣ ಇನ್ನೊಂದು ಸೌಟು ಸಾರು ಹಾಕಿಕೊಂಡ. ನಮ್ಮಿಬ್ಬರ ಜಗಳದಲ್ಲಿ ಅವನು ಯಾವಾಗಲೂ ಕಿವುಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ಮನಸ್ಸಿನಲ್ಲೇ ಬೈದುಕೊಂಡು ಮಲಗಿದೆ.

ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಹೋಗಿ ನಾನೇ ಪ್ರೆಸ್ಸಿನ ಮುಂದೆ ಕೂತೆ. ಮುಚ್ಚಳ ಇಟ್ಟೆ, ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ನೆಲ ನಿಜವಾಗಿಯೂ ಡೊಂಕಾಗಿತ್ತು. ಮುಚ್ಚಳವನ್ನು ತಡೆದು ನಿಲ್ಲಿಸಬೇಕಿದ್ದ ಪಿನ್ನುಗಳು ಯಾವ ಕಾಲದಲ್ಲೋ ಸವೆದುಹೋಗಿದ್ದವು. ಪ್ರೋಗ್ರಾಂ ಬರೆಯುವ ಮುಂಚೆ ಒಮ್ಮೆಯೂ ಆ ಸ್ಟೂಲಿನ ಮೇಲೆ ಕೂರದ ನನಗೆ ನಾಚಿಕೆಯಾಯಿತು. ಫಿಟ್ಟರ್ ಕಾಲು ಹಿಡಿದು ಹೊಸ ಪಿನ್ನು ಹಾಕಿಸಿದೆ, ಪಕ್ಕದಲ್ಲಿ ತಗಡಿನ ಮುಚ್ಚಳ ಕಚ್ಚಿ ಹಿಡಿಯಲು ಪುಟ್ಟ ಅಯಸ್ಕಾಂತ ಕೂರಿಸಿದೆ. ಎರಡು ಗುಂಡಿಯ ಸಾಲನ್ನು ಮುಟ್ಟಲಿಲ್ಲ.

"ಎರಡೂ ಕೈ ಅಲ್ಲೇ ಇಟ್ಟಾಗ ಮೂಗು ತುರಿಸಿದ್ರೆ ಏನು ಮಾಡ್ಲಿ?" ಎಂದು ಕೇಳಿಕೊಂಡೇ ಅತ್ತಿಗೆ ಕೂತರು.

"ಪ್ರೆಸ್ ನಿಲ್ಲುತ್ತೆ. ಆರಾಮಾಗಿ ಕೆರ್ಕೊಳ್ಳಿ."

ಮುಚ್ಚಳ ಜಾರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಕೈಗೆ ಹಳೆಯ ವೇಗ ಬಂತು. ಸೂಪರ್‌ವೈಸರ್ ಬಂದು ತುಂಬಿದ ಪೆಟ್ಟಿಗೆ ನೋಡಿ, ಸಾಲಿನ ಮಾತೆತ್ತದೆ ಹೋದರು. ಮೇಜು ಸಿಕ್ಕ ಹಾಗೆಯೇ ಎಂದು ಒಳಗೊಳಗೇ ಕುಣಿದೆ.

ಅಷ್ಟರಲ್ಲಿ ಪ್ರೆಸ್ ನಿಂತಿತು. ಅಚ್ಚು ಅರ್ಧ ಇಳಿದು ನಿಂತಿತ್ತು. "ನೋಡು ನಿನ್ನ ಪ್ರೋಗ್ರಾಂ," ಎಂದರು ಅತ್ತಿಗೆ. ಮತ್ತೆ ಓಡಿಸಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಪರದೆ ನೋಡಿದರೆ ಎರಡು ಸಲವೂ ಎಡಗಡೆಯ ಗುಂಡಿ ಬಿಟ್ಟಿದೆ ಎಂದು ತೋರಿಸುತ್ತಿತ್ತು. ಮುಂದಿನ ಸಲ ನಿಂತಾಗ ನಾನು ಪರದೆ ನೋಡದೆ ಅತ್ತಿಗೆಯ ಕಡೆ ನೋಡಿದೆ.

ಅವರ ಎಡಗೈ ಅಚ್ಚಿನ ಕೆಳಗಿತ್ತು. ಗಟ್ಟಿಯಾಗಿ ಕೂತಿದ್ದ ಮುಚ್ಚಳವನ್ನು ಬೆರಳುಗಳು ಒತ್ತಿ ಹಿಡಿದಿದ್ದವು. ಅತ್ತಿಗೆಯೂ ಅದನ್ನೇ ನೋಡುತ್ತಿದ್ದರು, ಆ ಕೈ ಬೇರೆ ಯಾರದೋ ಎಂಬಂತೆ.

"ನಾನು ಕೈ ತೆಗೀತಿದ್ದೆ ಅಂತಾನೇ ಅಂದ್ಕೊಂಡಿದ್ದೆ ಕಣೇ," ಎಂದರು ಮೆಲ್ಲಗೆ. "ಇಷ್ಟು ವರ್ಷಾನೂ."

ನನಗೆ ಮೇಜೂ ಬೇಡ, ಏನೂ ಬೇಡ ಎನಿಸಿತು. ಅವರ ಕೈಯನ್ನು ಅಲ್ಲಿಂದ ತೆಗೆದು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳುಗಳು ಬೆಚ್ಚಗಿದ್ದವು.

"ಬಿಡೇ," ಎಂದರು ಅತ್ತಿಗೆ, ಮುಖ ಆಚೆ ತಿರುಗಿಸಿಕೊಂಡು. "ನೀನು ಹಿಡ್ಕೊಂಡೇ ಇದ್ರೆ ಪ್ರೆಸ್ ಓಡೋದು ಹೇಗೆ?"

ಓಡದಿದ್ದರೆ ಬೇಡ ಎಂದು ನಾನು ಹಿಡಿದೇ ಇದ್ದೆ.