ನಾಲ್ಕನೆಯ ಸಾಲು

ಮಗಳು ಮೇಜಿನ ಮೂರನೆಯ ಡ್ರಾಯರನ್ನೂ ನೆಲಕ್ಕೆ ಸುರಿದಳು. ಕ್ರಿಸ್ಮಸ್ ಕಾರ್ಡುಗಳು ಜಾರಿ ಮಂಚದಡಿ ಸೇರಿದವು. ಪಕ್ಕದ ಕೋಣೆಯಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದವನು, ವರ್ಷಕ್ಕೊಂದು ಕಾರ್ಡಿಗೆ ನಾಲ್ಕು ಸಾಲಿನ ಪದ್ಯ ಬರೆದುಕೊಟ್ಟವನು. ಹೆಸರು ಮಾತ್ರ ಎಲ್ಲೂ ಹಾಕಿಸಿಕೊಂಡವನಲ್ಲ. ಮಣ್ಣು ಮಾಡುವ ಮುಂಚೆ ಅವನ ಕೊನೆಯ ಪದ್ಯ ಓದುತ್ತೇನೆಂದು ಅವಳು ಪಾದ್ರಿಗೆ ಹೇಳಿಯಾಗಿತ್ತು. ಈಚಿನ ವರ್ಷಗಳಲ್ಲಿ ಅಪ್ಪ ಕೈಯಾರೆ ಕೊಟ್ಟ ಕಾರ್ಡುಗಳನ್ನು, ಹೋದ ಡಿಸೆಂಬರಿನದನ್ನೂ ಸೇರಿಸಿ, ಅವಳು ಬಿಚ್ಚಿಯೂ ನೋಡಿರಲಿಲ್ಲ. ಅದು ಈಗ ಚುಚ್ಚುತ್ತಿತ್ತು.

ಹೋದ ಡಿಸೆಂಬರಿನ ಕಾರ್ಡಿನದೇ ಇನ್ನೊಂದು ಪ್ರತಿ ಸಿಕ್ಕಿತು. ಮೂರೇ ಸಾಲು.

"ಇದೇನೋ, ನಾಲ್ಕನೇದು ಬಿಟ್ಟೇಹೋಗಿದೆ," ಎಂದಳು.

"ವಯಸ್ಸಾಗಿತ್ತಲ್ಲ, ಮರೆವು," ಎಂದ ತಮ್ಮ. "ನೀನೇ ಒಂದು ಸೇರ್ಸಿಬಿಡಕ್ಕಾ. ಅರ್ಧಂಬರ್ಧ ಓದಿದ್ರೆ ಜನ ನಗ್ತಾರೆ."

ಬಾಗಿಲಲ್ಲಿ ನಿಂತಿದ್ದ ಪ್ರೆಸ್ಸಿನ ಮೆಷಿನ್‌ಮ್ಯಾನ್ ಗಂಟಲು ಸರಿಮಾಡಿಕೊಂಡ.

"ಸೇರಿಸ್ಬೇಡಿ ತಾಯಿ. ನಿಮ್ಮಮ್ಮ ಹೋದ್ಮೇಲೆ ಬಂದಿದ್ದೆಲ್ಲ ಮೂರೇ ಸಾಲು. ಮಾಲೀಕ್ರು ರೇಗಾಡಿದ್ರು. ನಾನೂ ಕೇಳ್ದೆ. 'ನಾಲ್ಕನೇದು ಯಾವತ್ತೂ ನಂದಲ್ಲ ಕಣಯ್ಯಾ' ಅಂದ್ರು ನಿಮ್ಮಪ್ಪ."

*

ಕಾರ್ಡು ಅಚ್ಚಿಗೆ ಹೋಗುವುದು ಬೇಸಿಗೆಯಲ್ಲೇ. ಹಾಗಾಗಿ ಆ ಮನೆಗೆ ಕ್ರಿಸ್ಮಸ್ ಸುಡುಬಿಸಿಲಿನಲ್ಲಿ ಬರುತ್ತಿತ್ತು. ಅಪ್ಪ ಬನಿಯನ್ನಿನಲ್ಲಿ ಕೂತು, ಬೆವರೊರೆಸಿಕೊಳ್ಳುತ್ತ, ಡಿಸೆಂಬರಿನ ಚಳಿಯನ್ನು ವರ್ಣಿಸುತ್ತಿದ್ದ.

"ಮೂರಾಯ್ತು ಕಣೇ. ಮುಂದಕ್ಕೆ ಹೋಗ್ತಾನೇ ಇಲ್ಲ."

ಮೂರನ್ನೂ ಗಟ್ಟಿಯಾಗಿ ಓದುತ್ತಿದ್ದ. ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆ, ಇತ್ತ ತಿರುಗದೆ, ಏನೋ ಒಂದು ಮಾತು ಹೇಳುತ್ತಿದ್ದಳು. ಅವನು ಗೀಚಿಕೊಳ್ಳುತ್ತಿದ್ದ.

"ಇಷ್ಟಕ್ಕೆ ಬೆಳಗಿಂದ ತಲೆ ಕೆಡಿಸ್ಕೊಂಡ್ರಾ? ಏಳಿ, ಊಟ ಆರ್ತಾ ಇದೆ."

ನೆಲದ ಮೇಲೆ ಹೋಂವರ್ಕ್ ಹರಡಿಕೊಂಡಿದ್ದ ಮಗಳಿಗೆ ಅದು ಗಂಡಹೆಂಡಿರ ಮಾತುಕತೆಯಂತೆ ಕೇಳುತ್ತಿತ್ತು, ಅಷ್ಟೇ.

*

ಗುಂಡಿಯನ್ನು ಅಮ್ಮನ ಸಮಾಧಿಯ ಪಕ್ಕದಲ್ಲೇ ತೋಡಿದ್ದರು. ಪಾದ್ರಿ ಸನ್ನೆ ಮಾಡಿದರು. ಮಗಳು ಕಾರ್ಡು ಬಿಚ್ಚಿದಳು.

"ಬಾಗಿಲಿಗೆ ಕಟ್ಟಿದೆವು ಕಾಗದದ ನಕ್ಷತ್ರ,
ಗೋದಲಿಗೆ ಹಾಸಿದೆವು ಹೊಸ ಹುಲ್ಲು,
ಕಂದ ಬರುವ ಹೊತ್ತಾಯ್ತು, ದೀಪ ಸಣ್ಣಗೆ ಮಾಡು..."

ಜನ ಕಾದರು. ತಮ್ಮ ತನ್ನ ಬೂಟು ನೋಡಿಕೊಂಡ. ಮೆಷಿನ್‌ಮ್ಯಾನ್ ಮಾತ್ರ ತಲೆಯೆತ್ತಿಯೇ ನಿಂತಿದ್ದ.

ಮಗಳು ಅಮ್ಮನ ಕಲ್ಲಿನ ಕಡೆ ತಿರುಗಿ, ಒಂದು ಸಾಲು ಹೇಳಲು ಬೇಕಾಗುವಷ್ಟು ಹೊತ್ತು ಸುಮ್ಮನೆ ನಿಂತಳು. ಆಮೇಲೆ ಕಾರ್ಡು ಮಡಚಿ, ಪೆಟ್ಟಿಗೆ ಇಳಿಸಬಹುದೆಂದು ಪಾದ್ರಿಗೆ ತಲೆಯಾಡಿಸಿದಳು.